ನಾಲ್ಕನೇ ಫ್ಲೋರ್, ಬಲಗಡೆ

ಮನೆ ಸಾಲದ ವಿಷಯದಲ್ಲಿ ಜನ ಎರಡೇ ಥರ. ಒಂದು, ಅರ್ಜಿ ಹಿಡಿದು ಆಫೀಸಿನಿಂದ ಆಫೀಸಿಗೆ ಅಲೆದು ಚಪ್ಪಲಿ ಸವೆಸುವವರು. ಇನ್ನೊಂದು, ನಾನು. ಒಂದೇ ಅರ್ಜಿ, ಒಂದೇ ಸಹಿ, ಒಂದೇ ಮಧ್ಯಾಹ್ನ. ಪಿಕ್ಚರ್ ಖತಂ. ನನ್ನ ಸ್ನೇಹಿತರು ಇವತ್ತಿಗೂ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ, "ಮಗಾ, ಹೆಂಗೋ ಮಾಡ್ದೆ?" ನಾನು ಕೂಲಿಂಗ್ ಗ್ಲಾಸ್ ತೆಗೆದು, ಉಫ್ ಅಂತ ಊದಿ, ಮತ್ತೆ ಹಾಕಿಕೊಂಡು ಒಂದೇ ಡೈಲಾಗ್ ಹೊಡೆಯುತ್ತೇನೆ: "ಸಾಲ ಹುಡುಕ್ಕೊಂಡು ನಾನು ಹೋಗಲ್ಲ ಕಣೋ. ನನ್ನ ಅಡ್ರೆಸ್ ಕೇಳ್ಕೊಂಡು ಸಾಲನೇ ಬರುತ್ತೆ." ಶಿಳ್ಳೆ, ಚಪ್ಪಾಳೆ.

ಹೇಗೆ ಮಾಡಿದೆ ಅಂತ ನೀವು ಕೇಳಬೇಡಿ. ಹೀರೋ ಗೋಡೆ ಒಡೆದುಕೊಂಡು ಒಳಗೆ ಬಂದಾಗ ಬಾಗಿಲು ಎಲ್ಲಿತ್ತು ಅಂತ ಯಾರೂ ಕೇಳುವುದಿಲ್ಲ. ಅಷ್ಟಕ್ಕೂ ಇವತ್ತಿನ ಕತೆಗೆ ಹೀರೋ ನಾನಲ್ಲ, ಲಿಫ್ಟಣ್ಣ.

ಹೀರೋ ಅಂದೆ ಅಂತ ಫೈಟು, ಡ್ಯಾನ್ಸು ನಿರೀಕ್ಷಿಸಬೇಡಿ. ವಯಸ್ಸು ನಲವತ್ತಾರು, ಖಾಕಿ ಅಂಗಿ, ಜೇಬಿನಲ್ಲೊಂದು ಪೆನ್ನು. ಹನ್ನೊಂದು ಅಂತಸ್ತಿನ ಆಫೀಸು ಕಟ್ಟಡದ ಲಿಫ್ಟಿನೊಳಗೆ ಮರದ ಸ್ಟೂಲಿನ ಮೇಲೆ ಹತ್ತೊಂಬತ್ತು ವರ್ಷ ಕೂತ ಮನುಷ್ಯ. ದಿನಕ್ಕೆ ನೂರು ಸಲ ಮೇಲೆ ಹೋಗುತ್ತಾನೆ, ಜೀವನದಲ್ಲಿ ಒಂದು ಗೇಣೂ ಮೇಲೆ ಹೋಗಿಲ್ಲ. ಅವನು ಬಾಡಿಗೆಗೆ ಇರುವ ಎರಡು ಕೋಣೆಯ ಮನೆ ಲಿಫ್ಟೇ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ಸಂಜೆ ಮನೆಗೆ ಬಂದು ಮೆಟ್ಟಿಲ ಬುಡದಲ್ಲಿ ನಿಂತರೆ ಕೈ ತಾನಾಗಿಯೇ ಗೋಡೆಯ ಮೇಲೆ ಗುಂಡಿ ಹುಡುಕುತ್ತದೆ.

ಆವತ್ತು ಬೆಳಿಗ್ಗೆ ಎಂಟಕ್ಕೆ, ಒಂದು ಕಾಲಿಗೆ ಕಾಲುಚೀಲ ಹಾಕಿ ಇನ್ನೊಂದಕ್ಕೆ ಹುಡುಕುತ್ತಿದ್ದಾಗ, ಮನೆ ಓನರ್ ಫೋನು ಬಂತು.

"ಏನಪ್ಪಾ, ನಿಂತಿದೀಯಾ ಕೂತಿದೀಯಾ?"

"ಒಂಟಿ ಕಾಲಲ್ಲಿ ನಿಂತಿದೀನಿ ಸಾರ್."

"ಹಾಗಾದ್ರೆ ಕೂತ್ಕೊ. ಮನೆ ಮಾರ್ತೀನಿ ಅಂತ ಹೇಳಿದ್ನಲ್ಲ, ನಿನಗೇ ಕೊಡೋಣ ಅಂತ ಒಂದು ತಿಂಗಳು ಕಾದೆ. ನೀನು ನೋಡ್ತೀನಿ ನೋಡ್ತೀನಿ ಅಂತಾನೇ ಇದೀಯಾ. ಈಗ ಇನ್ನೊಂದು ಪಾರ್ಟಿ ಬಂದಿದೆ. ಅವನೂ ಸಾಲ ಮಾಡೇ ತಗೊಳ್ಳೋನು. ಇಬ್ಬರಿಗೂ ಒಂದೇ ಮಾತು. ಇವತ್ತು ಸಂಜೆ ಐದು ಗಂಟೆ. ಸಾಲ ಕೊಡ್ತೀವಿ ಅನ್ನೋ ಲೆಟರ್ ಯಾರು ಮೊದ್ಲು ತಂದು ತೋರಿಸ್ತಾರೋ ಮನೆ ಅವರ್ದು. ನಾಳೆ ನಾನು ಮಗಳ ಮನೆಗೆ ಹೋಗ್ಬಿಡ್ತೀನಿ, ಆಮೇಲೆ ಅಳ್ಬೇಡ."

ಹೆಂಡತಿ ಅಡುಗೆ ಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಅವಳು ಔಷಧಿ ಅಂಗಡಿಯಲ್ಲಿ ಬಿಲ್ಲು ಹಾಕುತ್ತಾಳೆ. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಇದು ಅವಳಿಗೆ ಏಳನೇ ಬಾಡಿಗೆ ಮನೆ. ಒಂದು ಮನೆ ಓನರಿನ ಮಗನ ಮದುವೆಗೆ ಹೋಯಿತು, ಒಂದು ರಸ್ತೆ ಅಗಲ ಮಾಡಲು ಹೋಯಿತು, ಒಂದು ಸುಮ್ಮನೆ ಓನರಿನ ಸಿಟ್ಟಿಗೆ ಹೋಯಿತು. ಗಾಜಿನ ಲೋಟವನ್ನು ಯಾವ ದಿನಪತ್ರಿಕೆಯಲ್ಲಿ ಸುತ್ತಿದರೆ ಒಡೆಯುವುದಿಲ್ಲ ಅನ್ನುವುದರಲ್ಲಿ ಅವಳಿಗೆ ಡಾಕ್ಟರೇಟ್ ಕೊಡಬಹುದು. ಮನೆ ಕೊಳ್ಳುವಾಗ ಮೊದಲು ಕೈಯಿಂದ ಕೊಡಬೇಕಾದ ದುಡ್ಡನ್ನು ಅವಳೇ ಕೂಡಿಟ್ಟಿದ್ದಳು.

"ಏನ್ರೀ," ಅಂದಳು, ಬಹಳ ತಣ್ಣಗೆ. "ಎಂಟನೇ ಮನೆಗೆ ನಾನು ಬರಲ್ಲ. ಬೇಕಾದ್ರೆ ನೀವೊಬ್ರೇ ಹೋಗಿ. ಪಾತ್ರೆ ನಾನೇ ಕಟ್ಟಿಕೊಡ್ತೀನಿ."

ಕಿರುಚಿದ್ದರೆ ಲಿಫ್ಟಣ್ಣ ಹೆದರುತ್ತಿರಲಿಲ್ಲ. ತಣ್ಣಗೆ ಹೇಳಿದ್ದಕ್ಕೆ ಎರಡನೇ ಕಾಲುಚೀಲ ಹುಡುಕದೆಯೇ ಹೊರಟ.

ಈಗ ಅವನು ಕೆಲಸ ಮಾಡುವ ಕಟ್ಟಡದ ಬಗ್ಗೆ ಹೇಳಲೇಬೇಕು. ಊರಿನವರು ಅದನ್ನು ಕರೆಯುವುದೇ ಸಾಲದ ಬಿಲ್ಡಿಂಗ್ ಅಂತ. ಕೆಳಗೆ ಸೆಕ್ಯುರಿಟಿ ಮತ್ತು ಕಾಫಿ ಮಷೀನು. ಒಂದನೇ ಫ್ಲೋರಿನಲ್ಲಿ ಮುರಿದ ಕುರ್ಚಿಗಳು. ಎರಡರಿಂದ ಹನ್ನೊಂದರವರೆಗೆ ಫ್ಲೋರಿಗೊಂದು ಸಾಲ ಕೊಡುವ ಕಂಪನಿ. ನಾಲ್ಕನೆಯದು ಮಾತ್ರ ಬೇರೆ. ಅಲ್ಲಿ ಲಿಫ್ಟಿನಿಂದ ಇಳಿದು ಬಲಗಡೆ ತಿರುಗಿದರೆ ಒಂದು ಸಣ್ಣ ಕೋಣೆ, ಒಂದು ಮೇಜು, ಒಬ್ಬರೇ ಮೇಡಂ. ಬಾಗಿಲ ಮೇಲೆ ಬೋರ್ಡು: "ಮನೆ ಕೊಳ್ಳುವವರಿಗೆ ಸಾಲದ ಬಗ್ಗೆ ಉಚಿತ ಮಾಹಿತಿ ಮತ್ತು ನೆರವು." ಯಾವುದೋ ಸೇವಾ ಸಂಸ್ಥೆಯದು. ಸಾಲ ಕೊಡುವವರಿಂದ ಕಮಿಷನ್ ಇಲ್ಲ, ತೆಗೆದುಕೊಳ್ಳುವವರಿಂದ ಫೀಸಿಲ್ಲ.

ಆ ಮೇಡಂ ಮೂರು ವರ್ಷದ ಹಿಂದೆಯೇ ಲಿಫ್ಟಣ್ಣನಿಗೆ ಹೇಳಿಟ್ಟಿದ್ದರು. "ಮನೆ ಸಾಲದ ಬಗ್ಗೆ ಯಾರಾದ್ರೂ ಕೇಳಿದ್ರೆ ಮೊದಲು ನನ್ನ ಹತ್ರ ಕಳಿಸಪ್ಪ." ಅವತ್ತಿನಿಂದ ಯಾರೇ ಕೇಳಲಿ, ಲಿಫ್ಟಣ್ಣನ ಬಾಯಿಂದ ಟೇಪು ಹಾಕಿದಂತೆ ಬರುತ್ತದೆ: "ನಾಲ್ಕನೇ ಫ್ಲೋರ್, ಬಲಗಡೆ."

ಆದರೆ ತಾನು ಮಾತ್ರ ಆ ಬಾಗಿಲು ತಟ್ಟಿದವನಲ್ಲ. ಕಾರಣ ಇತ್ತು. ಲಿಫ್ಟಿನವನಿಗೆ ಪುಸ್ತಕ ಓದುವುದಕ್ಕೆ ಪುರುಸೊತ್ತಿಲ್ಲ, ಅವನು ಓದುವುದು ಮುಖ. ಐದು, ಏಳು, ಒಂಬತ್ತನೇ ಫ್ಲೋರಿನಿಂದ ಇಳಿಯುವವರು ಬಾಯಲ್ಲಿ ಚಾಕೊಲೇಟು ಇಟ್ಟುಕೊಂಡು, ನಗುನಗುತ್ತಾ, ಯಾರಿಗೋ ಫೋನು ಮಾಡುತ್ತಾ ಇಳಿಯುತ್ತಾರೆ. ನಾಲ್ಕರಿಂದ ಇಳಿಯುವವರು? ಸತ್ತವರ ಮನೆಯಿಂದ ಬಂದ ಹಾಗೆ. ಗಂಡ ಒಂದು ಮೂಲೆ, ಹೆಂಡತಿ ಒಂದು ಮೂಲೆ. "ಅಷ್ಟು ದೊಡ್ಡ ಮನೆ ನಮಗೆ ಬೇಡ ಬಿಡಿ" ಅನ್ನುವ ಒಂದು ನಿಟ್ಟುಸಿರು. ಇಷ್ಟು ನೋಡಿದ ಮೇಲೆ ಯಾವ ಬುದ್ಧಿವಂತ ಅಲ್ಲಿಗೆ ಹೋಗುತ್ತಾನೆ? ಮೇಲಾಗಿ ಬಿಟ್ಟಿ. ಬಿಟ್ಟಿ ಮಾತಿಗೆ ಬೆಲೆ ಎಲ್ಲಿಂದ ಬರುತ್ತದೆ?

ಹಾಗಾಗಿ ಒಂಬತ್ತೂಕಾಲಿಗೆ ಅವನು ನೇರವಾಗಿ ಎರಡನೇ ಫ್ಲೋರಿನ ಟೈ ಸಾಹೇಬರ ಮುಂದೆ ಕೂತ. ಸಂಬಳದ ಚೀಟಿ, ಹೆಂಡತಿಯ ಸಂಬಳದ ಚೀಟಿ, ಮನೆಯ ಕಾಗದದ ಜೆರಾಕ್ಸು, ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿತ್ತು. ಅರ್ಜಿಗೆ ಸಹಿ ಹಾಕಿದ. ಸಾಹೇಬರು ಕಂಪ್ಯೂಟರಿನಲ್ಲಿ ಏನೋ ಕುಟ್ಟಿ, ಹುಬ್ಬು ಮೇಲೆ ಮಾಡಿದರು.

"ಪರವಾಗಿಲ್ವೇ! ನಿಮ್ಮ ಕ್ರೆಡಿಟ್ ಸ್ಕೋರ್ ನಮ್ಮ ಮ್ಯಾನೇಜರ್‌ಗಿಂತ ಚೆನ್ನಾಗಿದೆ. ಒಂದು ಕಂತೂ ತಪ್ಪಿಸಿಲ್ಲ ನೀವು."

"ಫ್ರಿಜ್ ಒಂದೇ ಸಾರ್ ಸಾಲದಲ್ಲಿ ತಗೊಂಡಿದ್ದು. ನನ್ನ ಹೆಂಡ್ತಿ ಮೊದ್ಲು ಕಂತು ಕಟ್ಟಿ ಆಮೇಲೆ ಅದರೊಳಗೆ ಹಾಲಿಡ್ತಿದ್ಲು."

"ಮಧ್ಯಾಹ್ನ ಊಟ ಆದ್ಮೇಲೆ ಮ್ಯಾನೇಜರ್ ಕೊನೇ ಸಲ ನೋಡಿ ಲೆಟರ್ ಕೊಡ್ತಾರೆ. ಮೂರು ಗಂಟೆಗೆ ಬನ್ನಿ. ಬಡ್ಡಿ ಎಂಟೂವರೆ."

ನೋಡಿ, ಇಲ್ಲಿಗೆ ಕತೆ ಮುಗಿಯಬೇಕಿತ್ತು. ಸ್ಟೂಲಿನ ಮೇಲೆ ಹೋಗಿ, ಬಾಯಿ ಮುಚ್ಚಿಕೊಂಡು, ಮೂರು ಗಂಟೆಯವರೆಗೆ ಗುಂಡಿ ಒತ್ತುತ್ತಾ ಕೂತಿದ್ದರೆ ಸಾಕಿತ್ತು. ಆದರೆ ಸಂತೋಷ ಅನ್ನುವುದು ಹೊಸ ಚಪ್ಪಲಿ ಇದ್ದಂತೆ, ಯಾರಿಗಾದರೂ ತೋರಿಸದೆ ಇರಲಾಗುವುದಿಲ್ಲ. ಲಿಫ್ಟಣ್ಣ ಕೆಳಗಿಳಿದು ಸೆಕ್ಯುರಿಟಿಯವನಿಗೆ ಹೇಳಿದ. ಸೆಕ್ಯುರಿಟಿಯವನಿಗೆ ಅರ್ಧ ಮುಖ ತುಂಬ ಮೀಸೆ. ಹಾಗಾಗಿ ಹೆಸರೂ ಮೀಸೆ.

"ಬಡ್ಡಿ ಎಷ್ಟಂತೆ?" ಅಂದ ಮೀಸೆ.

"ಎಂಟೂವರೆ."

ಮೀಸೆ ಕುರ್ಚಿಯಿಂದ ಎದ್ದೇಬಿಟ್ಟ. "ಲೋ, ಮೊದಲನೇ ಅಂಗಡಿ, ಮೊದಲನೇ ರೇಟು, ತಲೆ ಆಡಿಸ್ಕೊಂಡು ಬಂದ್ಯಾ? ನಿನ್ನಂಥೋರು ಇರೋದಕ್ಕೇ ಕಣೋ ಅವರು ಎಸಿ ಹಾಕ್ಕೊಂಡು ಕೂತಿರೋದು!"

"ಮೂರಕ್ಕೆ ಲೆಟರ್ ಕೊಡ್ತಾರೆ ಕಣಯ್ಯಾ."

"ಕೊಡ್ದೇ ಏನು? ಕುರಿ ತಾನಾಗೇ ಬಂದು ಕತ್ತು ಚಾಚಿದ್ರೆ ಬೇಡ ಅಂತಾರಾ?"

ಕಾಫಿ ಮಷೀನಿನ ಹಿಂದಿನಿಂದ ಕಾಫಿ ಅಕ್ಕನ ತಲೆ ಈಚೆ ಬಂತು. ಆ ಕಟ್ಟಡದಲ್ಲಿ ಅಕ್ಕನ ಅಭಿಪ್ರಾಯ ಸೇರದೆ ಕಾಫಿಗೆ ಸಕ್ಕರೆಯೂ ಬೀಳುವುದಿಲ್ಲ. "ನಾನು ಒಂದು ಬಕೆಟ್ ತಗೊಳ್ಳೋಕೆ ನಾಲ್ಕು ಅಂಗಡಿ ಸುತ್ತಿದೀನಿ ತಮ್ಮಾ. ತಟ್ಟಿ ನೋಡಿದೀನಿ, ನೀರು ತುಂಬ್ಸಿ ನೋಡಿದೀನಿ. ನೀನು ಇಪ್ಪತ್ತು ವರ್ಷ ಹೊರೋ ಸಾಲಕ್ಕೆ ಒಂದೇ ಕಡೆ ಕೇಳ್ದಾ? ನಿನ್ನ ಹೆಂಡ್ತಿಗೆ ಗೊತ್ತಾದ್ರೆ ಏನಂತಾಳೆ?"

ಹೆಂಡತಿ ಅಂದ ಕೂಡಲೇ ಲಿಫ್ಟಣ್ಣ ಮಷೀನಿನ ಹತ್ತಿರ ಸರಿದ. "ಹಾಗಾದ್ರೆ ಏನ್ಮಾಡ್ಲಿ ಅಕ್ಕಾ?"

"ಎಲ್ಲಾ ಕಡೆ ಕೇಳು. ಊರಿನೋರಾದ್ರೆ ಬಸ್ ಹಿಡಿದು ಬರ್ಬೇಕು. ನಿನಗೇನು, ಗುಂಡಿ ಒತ್ತಿದ್ರೆ ಆಯ್ತು. ಕೇಳೋದಕ್ಕೇನು ದುಡ್ಡು ಕೊಡ್ಬೇಕಾ?"

ಎಷ್ಟು ನ್ಯಾಯವಾದ ಮಾತು! ಇನ್ನೊಬ್ಬನಾಗಿದ್ದರೆ ಒಂಬತ್ತು ಕಡೆ ಸುತ್ತಲು ಒಂದು ತಿಂಗಳು ಬೇಕಾಗುತ್ತಿತ್ತು, ಅಷ್ಟರಲ್ಲಿ ಬುದ್ಧಿ ಬರುತ್ತಿತ್ತೋ ಏನೋ. ಲಿಫ್ಟಣ್ಣನಿಗೆ ಲಿಫ್ಟಿತ್ತು.

ಮೂರನೇ ಫ್ಲೋರಿನಿಂದ ಶುರು. ಬಾಗಿಲು ಮುಚ್ಚದಂತೆ ಸ್ಟೂಲನ್ನು ಅಡ್ಡ ಇಟ್ಟು, ಒಳಗಿದ್ದ ಮೂವರಿಗೆ "ಒಂದ್ನಿಮಿಷ ಸಾರ್, ಸರ್ವಿಸಿಂಗು" ಅಂತ ಹೇಳಿ, ಪ್ಲಾಸ್ಟಿಕ್ ಚೀಲ ಬಗಲಿಗೆ ಹಾಕಿಕೊಂಡು ಓಡಿದ. ಕೌಂಟರಿನ ಹುಡುಗಿ ಚಾಕೊಲೇಟು ಕೊಟ್ಟು, ಕಾಗದ ಮುಂದಿಟ್ಟಳು.

"ಬರೀ ಬಡ್ಡಿ ಎಷ್ಟು ಅಂತ ಕೇಳೋಕೂ ಸಹಿ ಹಾಕ್ಬೇಕಾ ಅಮ್ಮಾ?"

"ಸುಮ್ನೆ ಒಂದು ಫಾರ್ಮಾಲಿಟಿ ಅಂಕಲ್. ನಿಮ್ಮ ಡೀಟೇಲ್ಸ್ ನೋಡೋಕೆ ಒಂದು ಪರ್ಮಿಷನ್."

ಸುಮ್ಮನೆ ಅಂದ ಮೇಲೆ ಸುಮ್ಮನೆ ಸಹಿ ಹಾಕಿದ. ಬಡ್ಡಿ ಎಂಟೂವರೆ. ಲೆಟರ್ ಮಧ್ಯಾಹ್ನ.

ಐದನೇ ಫ್ಲೋರಿನ ಕನ್ನಡಕದವರು, "ಫಿಕ್ಸೆಡ್ ಬಡ್ಡಿ ಬೇಕಾ, ಏರಿಳಿಯೋ ಬಡ್ಡಿ ಬೇಕಾ?" ಅಂತ ಕೇಳಿದರು. ಹತ್ತೊಂಬತ್ತು ವರ್ಷದಿಂದ ಲಿಫ್ಟಿನಲ್ಲಿ ಈ ಚರ್ಚೆ ಕೇಳಿಕೊಂಡು ಬಂದವನು ಲಿಫ್ಟಣ್ಣ. ಆದರೆ ಲಿಫ್ಟಿನ ಚರ್ಚೆಗೆ ಒಂದು ಶಾಪ ಇದೆ: ಮುಖ್ಯ ವಿಷಯ ಬರುವ ಹೊತ್ತಿಗೆ ಫ್ಲೋರು ಬರುತ್ತದೆ. "ಫಿಕ್ಸೆಡ್ ತಗೊಂಡ್ರೆ ಒಂದು ದೊಡ್ಡ ಅಪಾಯ ಏನಪ್ಪಾ ಅಂದ್ರೆ..." ಟಿಣ್. ಅವನ ತಲೆಯಲ್ಲಿ ಇಂಥ ನಾನೂರು ಅರ್ಧ ಅಪಾಯಗಳಿದ್ದವು, ಒಂದಕ್ಕೂ ಬಾಲವಿಲ್ಲ.

"ಏರಿಳಿಯೋದೇ ಇರ್ಲಿ ಸಾರ್," ಅಂದ. "ನನಗೆ ಅಭ್ಯಾಸ ಇದೆ."

ಆರನೇ ಫ್ಲೋರಿನಲ್ಲಿ ಸಹಿ. ಏಳನೆಯದರಲ್ಲಿ ಫೋಟೋ ಮತ್ತು ಸಹಿ. ಎಂಟನೆಯದರಲ್ಲಿ ಸಾಲದ ಮಾತು ಆಡುವ ಮೊದಲೇ ಅವನು ಸತ್ತರೆ ಹೆಂಡತಿಗೆ ಎಷ್ಟು ದುಡ್ಡು ಬರುತ್ತದೆ ಅಂತ ಒಬ್ಬಳು ಬಣ್ಣದ ಕಾಗದ ತೋರಿಸಿದಳು. ಅದನ್ನು ನೋಡಿ ತಾನು ಬದುಕಿರುವುದು ಸಂಸಾರಕ್ಕೆ ಎಷ್ಟು ದೊಡ್ಡ ನಷ್ಟ ಅಂತ ಲಿಫ್ಟಣ್ಣನಿಗೆ ಮೊದಲ ಸಲ ಗೊತ್ತಾಯಿತು. ಅಲ್ಲೂ ಸಹಿ.

ಅಷ್ಟರಲ್ಲಿ ಕೆಳಗೆ ಜನ ಲಿಫ್ಟಿನ ಬಾಗಿಲು ಬಡಿಯತೊಡಗಿದ್ದರು. ಕೆಳಗಿಳಿದಾಗ ಹನ್ನೆರಡು. ಒಂದು ಲೋಡು ಜನರ ಜೊತೆ ಒಬ್ಬ ಹುಡುಗ ಹತ್ತಿದ. ಕೈಯಲ್ಲಿ ಹೆಲ್ಮೆಟ್ಟು, ಕಾಲಲ್ಲಿ ಬಾರು ಕಿತ್ತು ಪಿನ್ನು ಹಾಕಿದ ಚಪ್ಪಲಿ. ನೋಡುವುದಕ್ಕೆ ಸುಮಾರಾಗಿ ಹೀರೋ ಥರವೇ ಇದ್ದ ಅನ್ನುವುದನ್ನು ನ್ಯಾಯವಾಗಿ ಹೇಳಬೇಕು.

"ಅಣ್ಣಾ, ಈ ಬಿಲ್ಡಿಂಗಲ್ಲಿ ಮನೆ ಸಾಲದ ಬಗ್ಗೆ ಸುಳ್ಳು ಹೇಳ್ದೇ ಇರೋರು ಯಾರಾದ್ರೂ ಇದಾರಾ?"

"ನಾಲ್ಕನೇ ಫ್ಲೋರ್, ಬಲಗಡೆ," ಅಂತು ಟೇಪು. ಚಪ್ಪಲಿಯ ಪಿನ್ನು ನೋಡಿ ಲಿಫ್ಟಣ್ಣನಿಗೆ ಅಯ್ಯೋ ಅನ್ನಿಸಿತು. ದನಿ ತಗ್ಗಿಸಿ ಸೇರಿಸಿದ: "ಅಲ್ಲಿ ದುಡ್ಡು ಕೊಡೋ ಹಂಗಿಲ್ಲ ಮರಿ. ನಿಮ್ಮಂಥೋರಿಗೆ ಅದೇ ಸರಿ. ಬೇರೆ ಎಲ್ಲೂ ಹೋಗ್ಬೇಡ."

ಹುಡುಗ ನಾಲ್ಕರಲ್ಲಿ ಇಳಿದ. ಲಿಫ್ಟಣ್ಣ ಒಂಬತ್ತಕ್ಕೆ ಹೋಗಿ ಸಹಿ ಹಾಕಿದ, ಹತ್ತಕ್ಕೆ ಹೋಗಿ ಸಹಿ ಹಾಕಿದ. ಹತ್ತನೇ ಫ್ಲೋರಿನಲ್ಲಿ ಕ್ಯೂ ಇತ್ತು. ಸ್ಟೂಲು ಲಿಫ್ಟಿನ ಬಾಯಿಗೆ ಅಡ್ಡವಾಗಿ ನಲವತ್ತು ನಿಮಿಷ ಕೂತಿತು.

ಹನ್ನೊಂದನೇ ಫ್ಲೋರಿಗೆ ಒಂದೇ ಮೆಟ್ಟಿಲ ಸಾಲು ಅಂತ ನಡೆದೇ ಹತ್ತಿದ. ಅಲ್ಲಿ ಎಲ್ಲಕ್ಕಿಂತ ದೊಡ್ಡ ಸೋಫಾ, ಎಲ್ಲಕ್ಕಿಂತ ದೊಡ್ಡ ಚಾಕೊಲೇಟು. ಅವನು ಕಾಲ ಮೇಲೆ ಕಾಲು ಹಾಕಿ ಕಾಗದ ಸುಲಿಯುತ್ತಿದ್ದಾಗ ಮೆಟ್ಟಿಲ ಕಡೆಯಿಂದ ಒಂದು ಶಬ್ದ ಬಂತು. ಹಳೇ ಪ್ರೆಷರ್ ಕುಕ್ಕರು ಕೊನೆಯುಸಿರು ಎಳೆಯುವಂಥ ಶಬ್ದ. ಬಾಗಿಲು ತಳ್ಳಿಕೊಂಡು ಬಂದವರು ಹನ್ನೊಂದನೇ ಫ್ಲೋರಿನ ಮ್ಯಾನೇಜರು. ನೂರು ಕೆಜಿಗೆ ಒಂದೆರಡು ಕಡಿಮೆ. ಅಷ್ಟೂ ಕೆಜಿಯನ್ನು ಅವರು ಕೆಳಗಿನಿಂದ ಕಾಲಲ್ಲೇ ಹೊತ್ತು ತಂದಿದ್ದರು. ಟೈ ಬೆನ್ನಿಗೆ ಹೋಗಿತ್ತು.

"ಆ... ಲಿಫ್ಟಿನವನು... ಸಿಗಲಿ... ಅವನ..." ಅಂದವರ ಕಣ್ಣು ಸೋಫಾದ ಮೇಲೆ ಬಿತ್ತು.

ಲಿಫ್ಟಣ್ಣನ ಬಾಯಲ್ಲಿ ಚಾಕೊಲೇಟು ಕರಗುವುದನ್ನು ನಿಲ್ಲಿಸಿತು.

ಕೌಂಟರಿನ ಹುಡುಗಿ ನಗುತ್ತಾ, "ಸಾರ್, ಹೊಸ ಕಸ್ಟಮರ್," ಅಂದಳು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಗ್ರಾಹಕರೇ ನಮ್ಮ ದೊರೆ. ಮ್ಯಾನೇಜರು ಗೋಡೆ ನೋಡಿದರು, ದೊರೆಯನ್ನು ನೋಡಿದರು, ಹಲ್ಲು ಕಡಿದುಕೊಂಡೇ ಕೈ ಚಾಚಿದರು. "ಬನ್ನಿ... ಸಾರ್... ಸಹಿ ಹಾಕಿ."

ಒಂಬತ್ತನೇ ಸಹಿ. ಬಡ್ಡಿ ಎಂಟೂವರೆ.

ಮಧ್ಯಾಹ್ನ ಎರಡೂವರೆಗೆ ಲಿಫ್ಟಣ್ಣನ ಹಾಗೆ ಖುಷಿಯಾಗಿದ್ದ ಮನುಷ್ಯ ಆ ಕಟ್ಟಡದಲ್ಲಿ ಇನ್ನೊಬ್ಬನಿರಲಿಲ್ಲ. ಒಂಬತ್ತು ಕಡೆ ಅರ್ಜಿ! ಒಂದಲ್ಲ ಒಂದು ಬಂದೇ ಬರುತ್ತದೆ. ಹೆಂಡತಿಗೆ ಫೋನು ಮಾಡಿ, "ಯಾವುದನ್ನ ಬೇಡ ಅನ್ನೋದು ಅಂತಾನೇ ಯೋಚನೆ ಆಗಿದೆ," ಅಂದ. ಆ ಕಡೆಯಿಂದ ಅವಳು ನಕ್ಕಳು. ಅವಳು ನಕ್ಕಿದ್ದು ಕೇಳಿ ತುಂಬ ದಿನ ಆಗಿತ್ತು. "ಹಿಂದಿನ ಕೋಣೆಗೆ ತಿಳಿ ಹಸಿರು ಬಣ್ಣ ಹೊಡ್ಸೋಣ್ರೀ," ಅಂದಳು. ಪಕ್ಕದಲ್ಲಿ ಯಾರಿಗೋ ಕೆಮ್ಮಿನ ಔಷಧಿಯ ಬಿಲ್ಲು ಹಾಕುತ್ತಲೇ ಅಂದಳು.

ಇಂಟರ್ವಲ್ ಮುಗಿಯಿತು. ಇನ್ನು ಪಿಕ್ಚರು ಬೀಳುವುದು ನೋಡಿ.

ಎರಡೂಮುಕ್ಕಾಲಿಗೆ ಲಿಫ್ಟು ಹನ್ನೊಂದರಲ್ಲಿ ನಿಂತಿದ್ದಾಗ ಫೋನು ಟುಂಯ್ ಅಂತು. ಹನ್ನೊಂದನೇ ಫ್ಲೋರಿನ ಮೆಸೇಜು. "ವಿಷಾದದಿಂದ ತಿಳಿಸುತ್ತೇವೆ." ಹೋಗಲಿ, ಮ್ಯಾನೇಜರಿಗೆ ಕಾಲು ನೋವು ಅಂದುಕೊಂಡ. ಹತ್ತಕ್ಕೆ ಬರುವಷ್ಟರಲ್ಲಿ ಇನ್ನೊಂದು ಟುಂಯ್. ವಿಷಾದ. ಒಂಬತ್ತರವರದ್ದೂ ವಿಷಾದ. ಎಂಟರವರು ವಿಷಾದದ ಜೊತೆ ಜೀವವಿಮೆಯ ಕಾಗದವನ್ನೂ ಕಳಿಸಿದ್ದರು. ಏಳು, ಆರು, ಐದು. ಲಿಫ್ಟು ಇಳಿದ ಹಾಗೆ ವಿಷಾದವೂ ಫ್ಲೋರು ಬಿಡದೆ ಇಳಿಯಿತು. ಒಳಗಿದ್ದ ಜನ, "ಏನಣ್ಣಾ, ಹುಟ್ಟಿದಬ್ಬಾನಾ? ಇಷ್ಟೊಂದು ಮೆಸೇಜು!" ಅಂದರು.

ಮೂರನೆಯದೂ ಬಂತು. ಉಳಿದದ್ದು ಎರಡನೇ ಫ್ಲೋರು ಒಂದೇ. ಬೆಳಿಗ್ಗೆ ಹುಬ್ಬು ಮೇಲೆ ಮಾಡಿದ್ದ ಟೈ ಸಾಹೇಬರು. ಲಿಫ್ಟಣ್ಣ ಜನರನ್ನು ಲಿಫ್ಟಿನಲ್ಲೇ ಬಿಟ್ಟು ಓಡಿದ.

ಒಂದು ಗಂಟೆ ಕಾಯಿಸಿದ ಮೇಲೆ ಸಾಹೇಬರು ಕಂಪ್ಯೂಟರ್ ನೋಡುತ್ತಾ ಟೈ ಸಡಿಲ ಮಾಡಿಕೊಂಡರು. "ಏನ್ರೀ ಮಾಡ್ಕೊಂಡ್ರಿ? ಬೆಳಿಗ್ಗೆ ಅಷ್ಟು ಚೆನ್ನಾಗಿದ್ರಿ."

"ಏನೂ ಮಾಡಿಲ್ಲ ಸಾರ್. ಸುಮ್ನೆ ವಿಚಾರಿಸ್ದೆ."

"ಮ್ಯಾನೇಜರ್ ಕೊನೇ ಸಲ ನೋಡ್ದಾಗ ಸ್ಕೋರ್ ದಬಕ್ಕಂತ ಬಿದ್ದಿದೆ. ನಮ್ಮ ಲೈನಿಗಿಂತ ಕೆಳಗೆ. ನಾನು ಏನೂ ಮಾಡಂಗಿಲ್ಲ. ನಾಲ್ಕನೇ ಫ್ಲೋರ್ ಮೇಡಂನ ಕೇಳಿ, ಅವರು ಬಿಡಿಸಿ ಹೇಳ್ತಾರೆ."

ಹೀಗೆ, ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಮೂರು ವರ್ಷದಿಂದ ಸಾವಿರ ಜನಕ್ಕೆ ತೋರಿಸಿದ ಬಾಗಿಲನ್ನು ಲಿಫ್ಟಣ್ಣ ಮೊದಲ ಸಲ ತಾನೇ ತಟ್ಟಿದ. ಬೆಣ್ಣೆ ಅಂಗೈಯಲ್ಲೇ ಇತ್ತು, ತುಪ್ಪಕ್ಕೆ ಒಂಬತ್ತು ಫ್ಲೋರು ಅಲೆದಿದ್ದ.

ಒಳಗೆ ಸೋಫಾ ಇರಲಿಲ್ಲ. ಚಾಕೊಲೇಟೂ ಇರಲಿಲ್ಲ. ಮೇಡಂ ಒಂದು ಲೋಟ ನೀರು ಕೊಟ್ಟು, ಅವನ ಎದುರಿಗೇ ಕಂಪ್ಯೂಟರ್ ತಿರುಗಿಸಿದರು.

"ಅಣ್ಣಾ, ನೀವು ಅರ್ಜಿಗೆ ಸಹಿ ಹಾಕಿದಾಗೆಲ್ಲ ಆ ಕಂಪನಿಯೋರು ನಿಮ್ಮ ಸಾಲದ ಚರಿತ್ರೆ ತೆಗೆದು ನೋಡ್ತಾರೆ. ನೋಡಿದ್ದು ಅಲ್ಲೇ ದಾಖಲೆ ಆಗುತ್ತೆ. ಒಂದು ಸಲ ಆದ್ರೆ ಏನಿಲ್ಲ. ಒಂದೇ ದಿನ ಒಂಬತ್ತು ಜನ ನೋಡಿದಾರೆ ಅಂದ್ರೆ, ಈ ಮನುಷ್ಯನಿಗೆ ಏನೋ ಭಾರೀ ಕಷ್ಟ ಇದೆ, ಸಿಕ್ಕಿದ ಕಡೆಯೆಲ್ಲ ಸಾಲ ಎತ್ತಿ ಓಡಿಹೋಗ್ತಾನೆ ಅಂತ ಲೆಕ್ಕ."

"ಓಡಿಹೋಗೋದಾ? ನಾನು ಹತ್ತೊಂಬತ್ತು ವರ್ಷದಿಂದ ಒಂದೇ ಸ್ಟೂಲ್ ಮೇಲೆ ಕೂತಿದೀನಿ ಮೇಡಂ!"

"ಕಂಪ್ಯೂಟರಿಗೆ ಸ್ಟೂಲ್ ಕಾಣಲ್ಲ ಅಣ್ಣಾ."

ಲಿಫ್ಟಣ್ಣ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲಿಟ್ಟ. "ಬಡ್ಡಿ ಎಲ್ಲಿ ಕಮ್ಮಿ ಅಂತ ತಿಳ್ಕೊಳ್ಳೋಣ ಅಂತ ಅಷ್ಟೇ..."

ಮೇಡಂ ಅವನ ಹಿಂದಿನ ಗೋಡೆಗೆ ಬೆರಳು ಮಾಡಿದರು. ತಿರುಗಿ ನೋಡಿದ. ದೊಡ್ಡ ಕಾಗದದ ಪಟ್ಟಿ. ಒಂಬತ್ತೂ ಕಂಪನಿಗಳ ಬಡ್ಡಿ, ಫೀಸು, ಯಾರಿಗೆ ಯಾವುದು ಆಗುತ್ತದೆ, ಎಲ್ಲ ಬರೆದಿತ್ತು. ಪ್ರತಿ ಸೋಮವಾರ ಹೊಸದು ಅಂಟಿಸುತ್ತಿದ್ದರಂತೆ. ಬಡ್ಡಿಯ ಸಾಲಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಅಂಕಿ: ಎಂಟೂವರೆ.

"ಇದನ್ನ ನೋಡೋಕೆ ಸಹಿ ಬೇಕಿಲ್ಲ," ಅಂದರು ಮೇಡಂ. "ಬೆಳಿಗ್ಗೆ ಬಂದಿದ್ರೆ, ಒಂದೇ ಕಡೆ ಹಾಕಿ ಸುಮ್ನಿರಿ ಅಂತಿದ್ದೆ. ಎರಡು ನಿಮಿಷದ ಮಾತು."

"ನಿಮ್ಮ ಹತ್ರ ಬಂದೋರೆಲ್ಲ ಅಳು ಮುಖದಲ್ಲಿ ಇಳೀತಾರೆ ಅಂತ ನಾನು..."

"ಇಲ್ಲಿ ಸತ್ಯ ಗೊತ್ತಾಗುತ್ತೆ, ಅದಕ್ಕೆ ಲಿಫ್ಟಲ್ಲಿ ಅಳ್ತಾರೆ. ಮೇಲಿಂದ ಇಳಿಯೋರು ಚಾಕೊಲೇಟ್ ಮುಗಿದ್ಮೇಲೆ ಮನೇಲಿ ಅಳ್ತಾರೆ. ಅದು ನಿಮಗೆ ಕಾಣಲ್ಲ." ಅವರು ಮೆತ್ತಗೆ ಹೇಳಿದರು: "ಆರೇಳು ತಿಂಗಳು ಎಲ್ಲೂ ಸಹಿ ಹಾಕದೇ ಇರಿ, ಸ್ಕೋರ್ ಮೇಲೆ ಬರುತ್ತೆ. ಓನರ್ ನಂಬರ್ ಕೊಡಿ, ಸ್ವಲ್ಪ ಟೈಮ್ ಕೊಡಿ ಅಂತ ನಾನೇ ಕೇಳಿ ನೋಡ್ತೀನಿ."

ನಂಬರ್ ಹೇಳುವ ಮೊದಲೇ ಅದೇ ನಂಬರಿನಿಂದ ಫೋನು ಬಂತು.

"ಓಡಿ ಬರೋದೇನೂ ಬೇಡಪ್ಪಾ," ಅಂದರು ಓನರ್. "ಆ ಇನ್ನೊಂದು ಪಾರ್ಟಿ ಆಗ್ಲೇ ಲೆಟರ್ ತಂದು ಕೊಟ್ಟ. ಅಡ್ವಾನ್ಸೂ ಆಯ್ತು. ಬೇಜಾರ್ ಮಾಡ್ಕೋಬೇಡ."

ಕೆಳಗೆ ಮೀಸೆ ಮತ್ತು ಕಾಫಿ ಅಕ್ಕ ಕಾಯುತ್ತಿದ್ದರು. ವಿಷಯ ಕೇಳಿ ಮೀಸೆ ನಿಟ್ಟುಸಿರು ಬಿಟ್ಟ. "ನಾನು ಆಗ್ಲೇ ಅಂದ್ಕೊಂಡೆ, ಇಷ್ಟೊಂದು ಕಡೆ ಯಾಕೆ ಹೋಗ್ತಾನೆ ಅಂತ." ಅಕ್ಕ, "ನಾನು ಬಕೆಟ್ ವಿಷ್ಯ ಹೇಳಿದ್ದಪ್ಪಾ, ಮನೆ ವಿಷ್ಯ ಅಲ್ಲ," ಅಂತ ಹೇಳಿ ಮಷೀನು ತೊಳೆಯಲು ಹೋದಳು. ಹನ್ನೊಂದನೇ ಫ್ಲೋರಿನ ಮ್ಯಾನೇಜರು ಬರೆದ ದೂರಿನ ಪತ್ರವೊಂದು ಸ್ಟೂಲಿನ ಮೇಲೆ ಕೂತಿತ್ತು. ಆವತ್ತು ಅವನ ಹೆಸರಿಗೆ ಬಂದ ಒಂದೇ ಒಂದು ಲೆಟರ್ ಅದು.

ಮನೆಗೆ ಹೋದಾಗ ಹೆಂಡತಿ ಬಾಗಿಲು ತೆರೆದಳು. ಅವಳ ಕೈಯಲ್ಲಿ ಬಣ್ಣದ ಅಂಗಡಿಯ ಪುಟ್ಟ ಪುಸ್ತಕ, ತಿಳಿ ಹಸಿರಿನ ಪುಟ ಮಡಚಿತ್ತು. ಅವನ ಮುಖ ನೋಡಿದಳು. ಮುಖ ಓದುವುದು ಅವಳಿಗೂ ಬರುತ್ತಿತ್ತು. ಪುಸ್ತಕವನ್ನು ಫ್ರಿಜ್ಜಿನ ಮೇಲಿಟ್ಟು, ಅಟ್ಟದಿಂದ ಹಳೇ ದಿನಪತ್ರಿಕೆಯ ಕಟ್ಟು ಇಳಿಸಿ, ನೆಲದ ಮೇಲೆ ಕೂತು ಒಂದೊಂದೇ ಲೋಟ ಸುತ್ತತೊಡಗಿದಳು. ಲಿಫ್ಟಣ್ಣ ಎದುರಿಗೆ ಕೂತು ದಾರ ಕತ್ತರಿಸಿ ಕೊಟ್ಟ. ಅವನಿಗೆ ಆ ಹೊತ್ತಿನಲ್ಲಿ ಮಾಡಲು ಗೊತ್ತಿದ್ದ ಕೆಲಸ ಅದೊಂದೇ.

ಇಲ್ಲಿ ಪರದೆ ಎಳೆದರೆ ನನಗೆ ಒಳ್ಳೆಯದು. ಆದರೆ ಇದನ್ನು ಯಾರ ಮುಂದೆಯೂ ಹೇಳಿಕೊಂಡಿಲ್ಲ, ನಿಮ್ಮ ಮುಂದೆ ಹೇಳಿಬಿಡುತ್ತೇನೆ.

ಪಿನ್ನು ಹಾಕಿದ ಚಪ್ಪಲಿಯ ಆ ಹುಡುಗ ನಾನೇ.

ಸಾಲ ನನ್ನ ಅಡ್ರೆಸ್ ಕೇಳಿಕೊಂಡು ಬರಲಿಲ್ಲ. ಅಡ್ರೆಸ್ ಕೇಳಿದವನು ನಾನು, ಹೇಳಿದವನು ಲಿಫ್ಟಣ್ಣ. ಮೇಡಂ ಅರ್ಧ ಗಂಟೆ ಕೂರಿಸಿಕೊಂಡು, ಗೋಡೆಯ ಪಟ್ಟಿ ತೋರಿಸಿ, "ನಿನ್ನ ಸಂಬಳಕ್ಕೆ ಆರನೇ ಫ್ಲೋರ್ ಸರಿ. ಅಲ್ಲೊಂದೇ ಕಡೆ ಸಹಿ ಹಾಕು" ಅಂದರು. ಹಾಕಿದೆ. ಮೂರು ಗಂಟೆಗೆ ಲೆಟರ್ ಹಿಡಿದು ಅದೇ ಲಿಫ್ಟಿನಲ್ಲಿ ಇಳಿದೆ. ಫೋನು ಟುಂಯ್ ಟುಂಯ್ ಅನ್ನುತ್ತಿದ್ದರೂ ಅವನು ತಲೆ ಎತ್ತಿ, "ಸಿಕ್ತಾ ಮರಿ? ಒಳ್ಳೇದಾಗ್ಲಿ" ಅಂದಿದ್ದ. ನಾನು ಕೂಲಿಂಗ್ ಗ್ಲಾಸ್ ಏರಿಸಿ ಏನೋ ಡೈಲಾಗ್ ಹೊಡೆದೆ. ಏನು ಅಂತ ನೆನಪಿಲ್ಲ. ನೆನಪಿಲ್ಲದ್ದೇ ವಾಸಿ.

ಮನೆಯನ್ನು ನಾನು ನೋಡಿದ್ದು ಅವರಿಬ್ಬರೂ ಕೆಲಸಕ್ಕೆ ಹೋಗಿದ್ದಾಗ. ಹಾಗಾಗಿ ಕೊಂಡ ಮೇಲೆ ಬಾಗಿಲು ತಟ್ಟಿದಾಗ ತೆರೆದವನನ್ನು ನೋಡಿ ನನ್ನ ಬಾಯಿಂದ ಡೈಲಾಗೇ ಹೊರಡಲಿಲ್ಲ. ಹಿಂದೆ ಹೆಂಡತಿ ಕಟ್ಟಿಟ್ಟ ಪೆಟ್ಟಿಗೆಗಳ ನಡುವೆ ನಿಂತಿದ್ದಳು. ಅವನು ನನ್ನನ್ನು ಒಳಗೆ ಕರೆದು, ನೀರು ಕೊಟ್ಟು, ಆವತ್ತಿನ ಕತೆಯನ್ನೆಲ್ಲ ಹೇಳಿದ. ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ನಾನು ದೊಡ್ಡ ಮನಸ್ಸಿನವನ ಹಾಗೆ, "ನೀವು ಎಲ್ಲೂ ಹೋಗ್ಬೇಡಿ ಅಣ್ಣಾ, ಇಲ್ಲೇ ಇರಿ," ಅಂದೆ. ಅವನ ಹೆಂಡತಿ ಅತ್ತುಬಿಟ್ಟಳು. ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ನನ್ನ ಸಂಬಳದಲ್ಲಿ ಕಂತು ಕಟ್ಟಿದರೆ ಪೆಟ್ರೋಲಿಗೂ ಉಳಿಯುವುದಿಲ್ಲ. ಅದಕ್ಕೆ ಬಾಡಿಗೆಯನ್ನು ಸ್ವಲ್ಪವೇ ಸ್ವಲ್ಪ ಏರಿಸಿ ಕಂತಿಗೆ ಸರಿಯಾಗಿ ಕೂರಿಸಿದ್ದೇನೆ. ಒಂದನೇ ತಾರೀಕು ಅವನು ಕೊಡುತ್ತಾನೆ, ಐದನೇ ತಾರೀಕು ಅದನ್ನೇ ನಾನು ಆರನೇ ಫ್ಲೋರಿಗೆ ಕಟ್ಟುತ್ತೇನೆ. ಮನೆ ನನ್ನ ಹೆಸರಲ್ಲಿದೆ, ಸಾಲ ತೀರಿಸುತ್ತಿರುವವನು ಲಿಫ್ಟಣ್ಣ. ಇನ್ನೂ ಹತ್ತೊಂಬತ್ತು ವರ್ಷ ಇದೆ.

ಮೊನ್ನೆ ಬಾಡಿಗೆ ಎಣಿಸಿ ಕೊಡುತ್ತಾ, ಹೆಂಡತಿಗೆ ಕೇಳಿಸದಂತೆ ಮೆಲ್ಲಗೆ ಕೇಳಿದ: "ಬಡ್ಡಿ ಏರುತ್ತೆ ಅಂತ ಲಿಫ್ಟಲ್ಲಿ ಯಾರೋ ಅರ್ಧ ಮಾತಾಡ್ತಿದ್ರು. ನಮ್ಮದು ಏರಲ್ಲ ಅಲ್ವಾ ಸಾರ್?"

ನಮ್ಮದು ಅಂದ. ನಾನು ಕೂಲಿಂಗ್ ಗ್ಲಾಸ್ ಹಾಕಿಕೊಂಡು ಮೆಟ್ಟಿಲಿಳಿದು ಬಂದೆ.